ಹತ್ತು ರೊಟ್ಟಿಯ ತೂಕ ಎಷ್ಟು?

ನಾನು ತೀರ್ಥಹಳ್ಳಿ ಕಡೆಯವಳು. ನಮ್ಮಲ್ಲಿ ರೊಟ್ಟಿ ಅಂದರೆ ಅಕ್ಕಿ ರೊಟ್ಟಿ. ಬಿಸಿ ಇದ್ದಾಗಲೇ ತಿಂದು ಮುಗಿಸಬೇಕು. ಸಂಜೆವರೆಗೆ ಇಟ್ಟರೆ ಚಪ್ಪಲಿ ಚರ್ಮ. ತಿಂಗಳುಗಟ್ಟಲೆ ಇಟ್ಟರೂ ಕೆಡದ, ಮುರಿದರೆ ಲಟಕ್ ಅನ್ನುವ ಜೋಳದ ಖಡಕ್ ರೊಟ್ಟಿಯನ್ನು ನಾನು ಮೊದಲು ನೋಡಿದ್ದೇ ಎಂಬಿಎ ಓದಲು ಹುಬ್ಬಳ್ಳಿಗೆ ಬಂದ ಮೇಲೆ. ಅಂಥ ನನ್ನನ್ನು 2024ರ ಜನವರಿಯಲ್ಲಿ, ಖಡಕ್ ರೊಟ್ಟಿಗೆ ಮಾರುಕಟ್ಟೆ ಹುಡುಕಿಕೊಡಲು ಕಳಿಸಿದರು.

ನಮ್ಮ ಕೋರ್ಸಿನಲ್ಲಿ ಹನ್ನೆರಡು ವಾರದ ಒಂದು ಪ್ರಾಜೆಕ್ಟ್ ಇತ್ತು. ಐದೈದು ಜನರ ಗುಂಪು ಮಾಡಿ, ಒಂದೊಂದು ಗುಂಪನ್ನು ಒಂದೊಂದು ಸ್ವಯಂಸೇವಾ ಸಂಸ್ಥೆಗೆ ಒಪ್ಪಿಸುತ್ತಾರೆ. ವಾರಕ್ಕೆ ಎರಡು ದಿನ ಅಲ್ಲಿ ಹೋಗಿ 'ಕನ್ಸಲ್ಟೆಂಟ್' ಆಗಬೇಕು. ಇಪ್ಪತ್ತೆರಡು ವರ್ಷಕ್ಕೆ ಕನ್ಸಲ್ಟೆಂಟ್! ನನ್ನ ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, "ನಿನ್ನ ಹತ್ರ ಯಾರು ಏನು ಕೇಳ್ತಾರೆ ಮಾರಾಯ್ತಿ?" ಅಂದಿದ್ದರು. ಸರಿಯಾದ ಪ್ರಶ್ನೆಯೇ.

ನಮಗೆ ಸಿಕ್ಕಿದ್ದು ನವಲಗುಂದ ತಾಲೂಕಿನ ಒಂದು ಹಳ್ಳಿ. ಅಲ್ಲೊಂದು ಟ್ರಸ್ಟಿನ ರೊಟ್ಟಿ ಕೇಂದ್ರ. ಹಾಜರಿ ಪುಸ್ತಕದಲ್ಲಿ ಹನ್ನೊಂದು ಹೆಂಗಸರು, ದಿನಕ್ಕೆ ಬರುವವರು ಆರೋ ಏಳೋ. ನೋಡಿಕೊಳ್ಳುವ ಸಂಯೋಜಕಿಯನ್ನು ಎಲ್ಲರೂ ಅಕ್ಕೋರು ಅನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಟ್ರಸ್ಟ್ ಆದ್ದರಿಂದ ಲಾಭ ಬಂದರೂ ಯಾರೂ ಹಂಚಿಕೊಳ್ಳುವ ಹಾಗಿಲ್ಲ, ಕೆಲಸಕ್ಕೇ ಹಾಕಬೇಕು. ನಮ್ಮ ಪ್ರೊಫೆಸರ್ ಇದಕ್ಕೆ ಸೋಶಿಯಲ್ ಎಂಟರ್‌ಪ್ರೈಸ್ ಅನ್ನುತ್ತಿದ್ದರು. 1959ರಲ್ಲಿ ಮುಂಬೈನ ಗಿರಗಾಂವ್‌ನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಶುರು ಮಾಡಿದ ಲಿಜ್ಜತ್ ಪಾಪಡ್ ಕಥೆಯನ್ನು ಮೊದಲ ಕ್ಲಾಸಿನಲ್ಲೇ ಹೇಳಿದ್ದರು. ನಮ್ಮ ತಲೆಯಲ್ಲಿ ಅದೇ ಕೂತಿತ್ತು. ಅಲ್ಲಿ ಹಪ್ಪಳ, ಇಲ್ಲಿ ರೊಟ್ಟಿ, ಮಧ್ಯೆ ನಾವು.

ಹುಬ್ಬಳ್ಳಿಯಿಂದ ನವಲಗುಂದಕ್ಕೆ ಒಂದು ತಾಸು ಬಸ್. ಶಕ್ತಿ ಯೋಜನೆ ಬಂದು ಏಳು ತಿಂಗಳಾಗಿತ್ತು. ಮೂವರು ಹುಡುಗಿಯರಿಗೆ ಸೊನ್ನೆ ರೂಪಾಯಿ ಟಿಕೆಟ್, ಇಬ್ಬರು ಹುಡುಗರು ಮುಖ ಸಪ್ಪಗೆ ಮಾಡಿಕೊಂಡು ದುಡ್ಡು ಕೊಡುತ್ತಿದ್ದರು. ಎರಡೂ ಕಡೆ ಕಪ್ಪು ಎರಿ ಭೂಮಿ. ಮಳೆ ಕೈಕೊಟ್ಟ ವರ್ಷ ಅದು, ಹೊಲದಲ್ಲಿ ಜೋಳ ಮೊಳಕಾಲೆತ್ತರಕ್ಕೆ ನಿಂತುಬಿಟ್ಟಿತ್ತು. ಬರಗಾಲ ಅಂದರೆ ನನಗೆ ಪೇಪರಿನ ಸುದ್ದಿ ಅಷ್ಟೇ. ಅದು ನಮ್ಮ ರೊಟ್ಟಿಯ ಲೆಕ್ಕದೊಳಗೂ ಬರುತ್ತದೆ ಅಂತ ಆಗ ಹೊಳೆದಿರಲಿಲ್ಲ.

ಮೊದಲ ದಿನ ಭೋಗಿಯ ಹಿಂದಿನ ವಾರ. ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಿ ತಟ್ಟುತ್ತಿದ್ದರು, ಕೇಂದ್ರದ ತುಂಬ ಗದ್ದಲ. ನಾವು ಲ್ಯಾಪ್‌ಟಾಪ್ ತೆರೆದು, ಹದಿನೆಂಟು ಸ್ಲೈಡ್ ಇಟ್ಟುಕೊಂಡು ಕೂತೆವು. ಐದನೇ ಸ್ಲೈಡಿನಲ್ಲಿ ಒಂದು ಇಂಗ್ಲಿಷ್ ಹೆಸರು. ಹಿಂದಿನ ವರ್ಷವಷ್ಟೇ ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷ ಮುಗಿದಿತ್ತು, ಹೀಗಾಗಿ ಹೆಸರಿನಲ್ಲಿ 'ಮಿಲೆಟ್' ಇರಲೇಬೇಕು ಅಂತ ನಮ್ಮ ಹಟ.

"ಮಿಲೆಟ್ ಅಂದ್ರ ಏನ್ರಿ?" ಅಂತ ಕೇಳಿದವರು ಅಲ್ಲಿನ ಹಿರಿಯರು. ಅವರನ್ನು ಎಲ್ಲರೂ ದೊಡ್ಡವ್ವ ಅನ್ನುತ್ತಿದ್ದರು.

"ಜೋಳ, ಸಜ್ಜೆ, ನವಣೆ ಎಲ್ಲಾ ಮಿಲೆಟ್ಟೇ ಅಮ್ಮಾ."

"ಜೋಳ ಅಂದ್ರ ಜೋಳ ಅಂತ ಬರೀಬೇಕವ್ವಾ. ತಿನ್ನಾವ್ರಿಗೆ ತಿಳೀಬೇಕಲ್ಲ."

ಹೆಸರಿನ ಚರ್ಚೆ ಅಲ್ಲಿಗೆ ಮುಗಿಯಿತು. ಉಳಿದ ಹದಿಮೂರು ಸ್ಲೈಡ್ ತೋರಿಸಲಿಲ್ಲ. ಅವರಿಗೆ ಒಲೆ ಮೇಲೆ ರೊಟ್ಟಿ ಇತ್ತು.

ಆದರೂ ನಾವು ಸೋಲಲಿಲ್ಲ. ಎರಡನೇ ವಾರಕ್ಕೆ ಲೋಗೊ ಆಯಿತು, ಇನ್‌ಸ್ಟಾಗ್ರಾಮ್ ಖಾತೆ ಆಯಿತು, ಪ್ಯಾಕೆಟ್ಟಿಗೆ ಅಂಟಿಸಲು ಎರಡು ಸಾವಿರ ಲೇಬಲ್ ಅಚ್ಚಾಗಿ ಬಂತು. ಲೇಬಲ್ ಚೆನ್ನಾಗಿತ್ತು. ಹುಬ್ಬಳ್ಳಿಯ ಒಂದು ಅಂಗಡಿಗೆ ಹತ್ತು ರೊಟ್ಟಿಯ ಪ್ಯಾಕೆಟ್ ಹಿಡಿದು ಹೋದೆವು. ಅಂಗಡಿಯವರು ಕನ್ನಡಕ ಮೇಲೆ ಸರಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ತೂಕ ಎಲ್ಲೈತ್ರಿ?"

"ಹತ್ತು ರೊಟ್ಟಿ ಸರ್."

"ಹತ್ತು ರೊಟ್ಟಿ ಅನ್ನೂದು ನನಗೂ ಕಾಣ್ತೈತಿ. ಹತ್ತು ರೊಟ್ಟಿ ತೂಕ ಎಷ್ಟು?"

ಐದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ತೂಕ ಇರಲಿಲ್ಲ, ತಯಾರಿಸಿದ ದಿನ ಇರಲಿಲ್ಲ, ಎಂಆರ್‌ಪಿ ಇರಲಿಲ್ಲ, ಹಸಿರು ಚುಕ್ಕೆ ಇರಲಿಲ್ಲ. ಎಫ್‌ಎಸ್‌ಎಸ್‌ಎಐ ಅನ್ನುವ ಆಹಾರ ಸುರಕ್ಷತಾ ಪ್ರಾಧಿಕಾರದ ನಂಬರೂ ಇರಲಿಲ್ಲ. ವಿಚಿತ್ರ ಅಂದರೆ ಕೇಂದ್ರಕ್ಕೆ ಆ ನೋಂದಣಿ ಇತ್ತು. ವರ್ಷಕ್ಕೆ 12 ಲಕ್ಷದೊಳಗೆ ವಹಿವಾಟು ಇರುವ ಸಣ್ಣವರಿಗೆ ಆಗ ಬರೀ ನೋಂದಣಿ ಸಾಕಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ. ಅಕ್ಕೋರು ಅದನ್ನು ಮಾಡಿಸಿ, ಪ್ರಮಾಣಪತ್ರಕ್ಕೆ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಆ 14 ಅಂಕಿಯ ಕೆಳಗೇ ಕೂತು ನಾವು ಬಣ್ಣ ಯಾವುದಿರಬೇಕು, ಅಕ್ಷರ ದುಂಡಗಿರಬೇಕಾ ಅಂತ ಎರಡು ದಿನ ಜಗಳವಾಡಿದ್ದೆವು. ಎರಡು ಸಾವಿರ ಲೇಬಲ್ ವೇಸ್ಟ್. ಅದರ ಹಿಂಬದಿಯಲ್ಲಿ ಅಕ್ಕೋರು ಈಗಲೂ ಚೀಟಿ ಬರೆಯುತ್ತಾರೆ.

ಹಾಗಾಗಿ ತಕ್ಕಡಿ ತಂದು ತೂಗಲು ಕೂತೆವು. ಅಲ್ಲಿಂದಲೇ ನಿಜವಾದ ಕೆಲಸ ಶುರುವಾಯಿತು ಅಂತ ಈಗ ಅನ್ನಿಸುತ್ತದೆ. ಒಂದು ಪ್ಯಾಕೆಟ್ 310 ಗ್ರಾಂ, ಇನ್ನೊಂದು 380. ದೊಡ್ಡವ್ವನ ರೊಟ್ಟಿ ಕಾಗದದಷ್ಟು ತೆಳು. ಹೊಸದಾಗಿ ಸೇರಿದ ಹುಡುಗಿಯದು ದಪ್ಪ. ಲೇಬಲ್ ಮೇಲೆ 300 ಗ್ರಾಂ ಅಂತ ಹಾಕಿದರೆ ಯಾರಿಗೂ ಕಡಿಮೆ ಬೀಳುವುದಿಲ್ಲ ಅಂದುಕೊಂಡೆವು. ಆಗ ನನ್ನ ಪಕ್ಕದಲ್ಲಿದ್ದ ಕೇರಳದ ಹುಡುಗ, ನಮ್ಮಲ್ಲಿ ಲೆಕ್ಕದಲ್ಲಿ ಚುರುಕಾದವನು ಅವನೊಬ್ಬನೇ, ಮೆಲ್ಲಗೆ ಕೇಳಿದ: "ಹಾಗಾದ್ರೆ ಒಂದು ಕೆಜಿ ಹಿಟ್ಟಿಗೆ ಎಷ್ಟು ರೊಟ್ಟಿ ಆಗುತ್ತೆ?"

ಯಾರಿಗೂ ಗೊತ್ತಿಲ್ಲ. ಅಕ್ಕೋರಿಗೆ ಚೀಲದ ಲೆಕ್ಕ ಗೊತ್ತು. ದೊಡ್ಡವ್ವನಿಗೆ ಬೊಗಸೆಯ ಲೆಕ್ಕ ಗೊತ್ತು. ಕೆಜಿಗೆ ಎಷ್ಟು ಅಂತ ಯಾರೂ ಕೇಳಿರಲಿಲ್ಲ.

ಮೂರು ದಿನ ಅದನ್ನೇ ಮಾಡಿದೆವು. ಹಿಟ್ಟು ತೂಗುವುದು, ಎಣಿಸುವುದು, ಮೊಬೈಲಿನಲ್ಲಿ ಹೊತ್ತು ಹಿಡಿಯುವುದು. ಎಸರು ಕಾಯಿಸಿ ಹಿಟ್ಟಿಗೆ ಹೊಯ್ದು, ಬಿಸಿ ಇರುವಾಗಲೇ ನಾದಬೇಕು. ಆಮೇಲೆ ಬಡಿಯುವುದು. ಟಪ್ ಟಪ್ ಟಪ್, ಕೈ ಕೆಳಗೆ ಹಿಟ್ಟು ತಾನೇ ತಿರುಗುತ್ತದೆ. ನಾನೂ ಒಮ್ಮೆ ಬಡಿಯಲು ಹೋಗಿ, ಕರ್ನಾಟಕದ ನಕ್ಷೆ ಮಾಡಿ ಎಲ್ಲರನ್ನೂ ನಗಿಸಿದೆ. ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿ, ತಿರುವಿ ಹಾಕಿ ಬೇಯಿಸುತ್ತಾರೆ. ಅಷ್ಟಕ್ಕೆ ಮೆತ್ತನೆ ರೊಟ್ಟಿ. ಖಡಕ್ ಆಗಬೇಕಾದರೆ ಸಣ್ಣ ಉರಿಯಲ್ಲಿ ಇನ್ನೊಮ್ಮೆ ಒಣಗಿಸಬೇಕು. ಈ ಎರಡನೇ ಸುತ್ತನ್ನು ಯಾವ ಲೆಕ್ಕದಲ್ಲೂ ಹಿಡಿದಿರಲಿಲ್ಲ. ಒಬ್ಬರಿಗೆ ಹನ್ನೊಂದರಿಂದ ಮೂರೂವರೆವರೆಗೆ ಎಂಬತ್ತು ರೊಟ್ಟಿ ಆಗುತ್ತಿತ್ತು.

ಲೆಕ್ಕ ಹೀಗೆ ನಿಂತಿತು. ಬರದಿಂದ ಬಿಳಿ ಜೋಳ ಕೆಜಿಗೆ 60 ರೂಪಾಯಿ ಆಗಿತ್ತು, ಗಿರಣಿಗೆ 5. ಕೆಜಿಗೆ ಇಪ್ಪತ್ತೆರಡು ರೊಟ್ಟಿ, ಅಂದರೆ ಒಂದಕ್ಕೆ ಸುಮಾರು 2 ರೂಪಾಯಿ 95 ಪೈಸೆ. ಉರುವಲಿಗೆ 50 ಪೈಸೆ. ಬಡಿದವರಿಗೆ 2 ರೂಪಾಯಿ. ಕವರು, ಲೇಬಲ್ 40 ಪೈಸೆ. ಒಟ್ಟು 5 ರೂಪಾಯಿ 85 ಪೈಸೆ. ಹತ್ತರಲ್ಲಿ ಒಂದು ಮುರಿಯುತ್ತದೆ, ಅದನ್ನೂ ಸೇರಿಸಿದರೆ ಆರೂವರೆ.

ಹುಬ್ಬಳ್ಳಿಯ ಖಾನಾವಳಿಗಳಿಗೆ ಇವರು ಮಾರುತ್ತಿದ್ದದ್ದು 6 ರೂಪಾಯಿಗೆ.

ತಿಂಗಳಿಗೆ ಎಂಟು ಸಾವಿರ ರೊಟ್ಟಿ ಖಾನಾವಳಿಗಳಿಗೆ ಹೋಗುತ್ತಿತ್ತು. ನಾಲ್ಕು ಸಾವಿರ ರೂಪಾಯಿ ಕೈಯಿಂದ ಹೋಗುತ್ತಿತ್ತು. ಅಂಗಡಿಗೆ ಕೊಡುವ ಪ್ಯಾಕೆಟ್ಟಿನಲ್ಲಿ ರೊಟ್ಟಿಗೆ 10 ಪೈಸೆ ಉಳಿಯುತ್ತಿತ್ತು, ಅಷ್ಟೇ. ಅಕ್ಕೋರ ಸಂಬಳ ಇದರಲ್ಲಿ ಇಲ್ಲ, ಅದು ಒಂದು ಕಂಪನಿ ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಅನುದಾನದಿಂದ. ಕಟ್ಟಡದ ಬಾಡಿಗೆ ಇಲ್ಲ, ಅದು ಟ್ರಸ್ಟಿನದೇ. ಸಾಗಣೆಗೂ ಖರ್ಚಿಲ್ಲ, ಟ್ರಸ್ಟಿನ ಟೆಂಪೊ ಬೇರೆ ಕೆಲಸಕ್ಕೆ ದಿನಾ ಹುಬ್ಬಳ್ಳಿಗೆ ಹೋಗುತ್ತಿತ್ತು. "ಹೆಂಗೂ ಹೊಕ್ಕೈತಲ್ರಿ" ಅಂದರು ಅಕ್ಕೋರು. ನಾವೂ ಹೂಂ ಅಂದೆವು.

ಅಂದರೆ ನಮ್ಮನ್ನು ಕರೆಸಿದ್ದು ಮಾರಾಟ ಜಾಸ್ತಿ ಮಾಡಲು. ಮಾರಾಟ ಜಾಸ್ತಿ ಆದಷ್ಟೂ ನಷ್ಟ ಜಾಸ್ತಿ. ಇದನ್ನು ಅಕ್ಕೋರಿಗೆ ಹೇಳಿದ ಸಂಜೆ ಅವರು ತುಂಬಾ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ, "ಅದಕ್ಕ ವರ್ಷಾ ಮಾರ್ಚದಾಗ ರೊಕ್ಕ ಸಾಲೂದಿಲ್ಲ ನೋಡ್ರಿ" ಅಂದರು. ಅವರಿಗೆ ಗೊತ್ತಿತ್ತು. ಎಲ್ಲಿ ಸೋರುತ್ತಿದೆ ಅಂತ ಮಾತ್ರ ಗೊತ್ತಿರಲಿಲ್ಲ.

ಇಷ್ಟು ತಿಳಿದ ಮೇಲಾದರೂ ನಾವು ಸುಮ್ಮನಿರಬೇಕಿತ್ತು. ಇರಲಿಲ್ಲ. ಖಾನಾವಳಿಯಲ್ಲಿ ನಷ್ಟ ಅಂದರೆ ಬೆಂಗಳೂರಿಗೆ ನೇರವಾಗಿ ಮಾರೋಣ, ಅಲ್ಲಿ ಒಂದು ರೊಟ್ಟಿಗೆ 10 ರೂಪಾಯಿ ಸಿಗುತ್ತೆ ಅಂತ ನಮ್ಮ ಬೆಂಗಳೂರಿನ ಗೆಳತಿಯ ವಾದ. ಕೈಯಿಂದ 1,500 ರೂಪಾಯಿ ಹಾಕಿ ಇನ್‌ಸ್ಟಾಗ್ರಾಮಿನಲ್ಲಿ ಜಾಹೀರಾತು ಬಿಟ್ಟೆವು. ಫೆಬ್ರವರಿ ಎರಡನೇ ವಾರ. ಅರವತ್ತು ಜನ ವಿಚಾರಿಸಿದರು. "160 ರೂಪಾಯಿ ರೊಟ್ಟಿಗೆ 100 ರೂಪಾಯಿ ಕೊರಿಯರ್ರಾ?" ಅಂತ ಬಹಳ ಜನ ಅಲ್ಲಿಗೇ ಬಿಟ್ಟರು. ಹದಿನಾಲ್ಕು ಆರ್ಡರ್ ಉಳಿಯಿತು. ನಾವು ಕುಣಿದಾಡಿದೆವು.

ಕುಣಿದದ್ದು ಎರಡೇ ದಿನ. ಅದೇ ವಾರ ಕಡ್ಲಿ ಕೀಳುವ ಸುಗ್ಗಿ ಬಂತು. ಕೇಂದ್ರಕ್ಕೆ ಬಂದವರು ಮೂವರು. ನಮ್ಮ ಗೆಳತಿಗೆ ಸಿಟ್ಟು. "ಕಮಿಟ್‌ಮೆಂಟೇ ಇಲ್ಲ" ಅಂದಳು. ಕೇರಳದ ಹುಡುಗ ಮತ್ತೆ ತನ್ನ ಪುಸ್ತಕ ತೆಗೆದ. ಎಂಬತ್ತು ರೊಟ್ಟಿಗೆ 160 ರೂಪಾಯಿ. ಕಡ್ಲಿ ಹೊಲದಲ್ಲಿ 300. ಆ ವರ್ಷ ನರೇಗಾ ಕೂಲಿ 316. "ನೀನಾಗಿದ್ರೆ ಎಲ್ಲಿಗೆ ಹೋಗ್ತಿದ್ದೆ?" ಅಂತ ಕೇಳಿದ. ಅವಳು ಮಾತಾಡಲಿಲ್ಲ. ಉಳಿದ ದಿನಗಳಲ್ಲಿ ಇಲ್ಲಿಗೆ ಬರುವುದಕ್ಕೂ ಅವರಿಗೆ ಅವರದೇ ಕಾರಣ ಇತ್ತು. ನೆರಳಿನಲ್ಲಿ ಕೆಲಸ, ಮನೆಯ ಅಡುಗೆ ಮುಗಿಸಿ ಬರಬಹುದು, ಶನಿವಾರ ಕೈಗೆ ರೊಕ್ಕ. ದೊಡ್ಡವ್ವನಂಥವರಿಗೆ ಹೊಲದಲ್ಲಿ ಬಗ್ಗಲು ಆಗುವುದಿಲ್ಲ.

ಆ ಮೂವರೇ ಕೂತು ಹದಿನಾಲ್ಕು ಡಬ್ಬದ ರೊಟ್ಟಿ ಮಾಡಿಕೊಟ್ಟರು. ರಟ್ಟಿನ ಡಬ್ಬ, ಒಳಗೆ ಗುಳ್ಳೆ ಪ್ಲಾಸ್ಟಿಕ್, ಮೇಲೆ 'ನಾಜೂಕು ವಸ್ತು' ಅಂತ ಕೆಂಪು ಸ್ಟಿಕರ್. ನಾಲ್ಕನೇ ದಿನ ಬೆಂಗಳೂರಿನಿಂದ ಫೋಟೊ ಬರಲು ಶುರುವಾಯಿತು. ಒಂಬತ್ತು ಡಬ್ಬಗಳಲ್ಲಿ ರೊಟ್ಟಿ ಇರಲಿಲ್ಲ. ರೊಟ್ಟಿಯ ಚೂರು ಇತ್ತು. ಒಬ್ಬರು, "ಚೆನ್ನಾಗಿದೆ, ಮಜ್ಜಿಗೆಗೆ ಹಾಕಿಕೊಂಡು ತಿಂದೆವು" ಅಂತ ಬರೆದರು. ಆ ಒಳ್ಳೆಯ ಮನುಷ್ಯ ಯಾರೋ, ಅವರಿಗೆ ನನ್ನ ನಮಸ್ಕಾರ. ಉಳಿದ ಎಂಟು ಜನರಿಗೆ ನಮ್ಮ ಜೇಬಿನಿಂದ ದುಡ್ಡು ವಾಪಸ್ ಹಾಕಿದೆವು.

ಆಮೇಲಿನ ಹದಿನೈದು ದಿನ ಪ್ಯಾಕೇಜಿಂಗ್ ಸಂಶೋಧನೆ. ಹಾಸ್ಟೆಲಿನ ಎರಡನೇ ಮಹಡಿಯಿಂದ ಡಬ್ಬ ಕೆಳಗೆ ಬಿಡುವುದು, ಒಡೆದು ಎಣಿಸುವುದು. ಹುಲ್ಲು ತುಂಬಿ ನೋಡಿದೆವು, ಥರ್ಮಾಕೋಲ್ ಇಟ್ಟು ನೋಡಿದೆವು. ವಾರ್ಡನ್ ಬೈದರು. ಕೆಳಗಿನ ನಾಯಿಗಳು ಮಾತ್ರ ನಮ್ಮ ದಾರಿ ಕಾಯುತ್ತಿದ್ದವು. ನಮ್ಮ ಗುಂಪಿನ ಬಾಗಲಕೋಟೆ ಹುಡುಗ ಇದನ್ನೆಲ್ಲ ನೋಡಿಕೊಂಡು, ತನ್ನ ಪಾಡಿಗೆ ತಾನು ಎಕ್ಸೆಲ್ ಶೀಟಿನಲ್ಲಿ ಮುರಿದ ರೊಟ್ಟಿ ತುಂಬಿಸುತ್ತಿದ್ದ.

ಒಂದು ರಾತ್ರಿ ಅವನ ರೂಮಿನಲ್ಲಿ ಊಟಕ್ಕೆ ಕೂತಿದ್ದವರು ಬಿಳಿ ಬಟ್ಟೆಯ ಒಂದು ಗಂಟಿನ ಫೋಟೊ ಗ್ರೂಪಿಗೆ ಹಾಕಿದರು. ಒಳಗೆ ನಲವತ್ತು ಖಡಕ್ ರೊಟ್ಟಿ, ಪಕ್ಕದಲ್ಲಿ ಶೇಂಗಾ ಹಿಂಡಿ. ಒಂದೂ ಮುರಿದಿರಲಿಲ್ಲ.

"ಎಲ್ಲಿಂದ ಬಂತು?" ಅಂತ ಕೇಳಿದೆ.

"ನಮ್ಮವ್ವ ಕಳಿಸ್ಯಾಳ. ಬಸ್ಸಿಗೆ ಇಡ್ತಾಳ ವಾರಾ ವಾರಾ."

"ಮುರಿಯಲ್ವಾ?"

"ಯಾಕ ಮುರೀತಾವು? ಒಂದರ ಮ್ಯಾಲ ಒಂದು ಇಟ್ಟು ಗಟ್ಟಿ ಕಟ್ತಾಳ. ಅಳ್ಳಾಡಾಕ ಜಾಗಾನ ಇರಂಗಿಲ್ಲ."

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಅಂತ ನಾಲ್ಕೂ ಜನ ಅವನ ಮೇಲೆ ಬಿದ್ದೆವು. ಅವನು ನಿಜವಾಗಿಯೂ ಗಲಿಬಿಲಿಯಾದ. "ನೀವು ಪ್ಯಾಕೇಜಿಂಗ್ ಅಂದ್ರಿ. ಇದು ಗಂಟು" ಅಂದ. ನಾನು ಇವತ್ತಿಗೂ ಈ ಮಾತನ್ನು ನೆನೆಸಿಕೊಂಡು ನಗುತ್ತೇನೆ. ಆದರೆ ಅವನದು ದಡ್ಡತನ ಅಲ್ಲ. ಆರು ತಿಂಗಳಿಂದ ಅವನಿಗೆ ಕ್ಲಾಸಿನಲ್ಲಿ ಹೇಳಿಕೊಟ್ಟ ಯಾವ ಪಾಠದಲ್ಲೂ ಅವನ ಅವ್ವ ಇರಲಿಲ್ಲ. ಹಾಗಿರುವಾಗ ಅವನಿಗೆ ಹೇಗೆ ಹೊಳೆಯಬೇಕು?

ನಾವು ಗುಳ್ಳೆ ಪ್ಲಾಸ್ಟಿಕ್ ಹಾಕಿ ರೊಟ್ಟಿಗೆ ಓಡಾಡಲು ಜಾಗ ಮಾಡಿಕೊಟ್ಟಿದ್ದೆವು. ಅದೇ ತಪ್ಪು. ದೊಡ್ಡವ್ವನ ಮುಂದೆ ಇದನ್ನು ಹೇಳಿದರೆ, ಅವರು ಒಂದು ಹಳೆ ಧೋತರದ ತುಂಡು ತಂದು, ಇಪ್ಪತ್ತು ರೊಟ್ಟಿ ಜೋಡಿಸಿ, ಎರಡು ಗಂಟು ಹಾಕಿ ನಮ್ಮತ್ತ ಎಸೆದರು. ಹಿಡಿಯಲಾಗದೆ ಕೆಳಗೆ ಬಿತ್ತು. ಬಿಚ್ಚಿ ನೋಡಿದೆವು. ಒಂದರ ಅಂಚು ಮಾತ್ರ ಮುಕ್ಕಾಗಿತ್ತು. ಅಲ್ಲಿಂದ ಬಟ್ಟೆಯ ಗಂಟನ್ನೇ ಪ್ಯಾಕೆಟ್ ಮಾಡಿದೆವು. ಕಳಿಸಲು ಸಾರಿಗೆ ಬಸ್ಸಿನ ಪಾರ್ಸೆಲ್. ಕೆಎಸ್‌ಆರ್‌ಟಿಸಿಯವರು 2021ರಲ್ಲಿ 'ನಮ್ಮ ಕಾರ್ಗೋ' ಶುರು ಮಾಡಿದ ಮೇಲೆ ಅದಕ್ಕೆ ರಸೀದಿ, ಕೌಂಟರ್ ಎಲ್ಲ ಬಂದಿದೆ. ಗಿರಾಕಿಯೇ ಬಸ್ ಸ್ಟ್ಯಾಂಡಿಗೆ ಹೋಗಿ ತರಬೇಕು ಅನ್ನುವುದೊಂದು ತೊಂದರೆ. ಹಾಗಾಗಿ ಒಬ್ಬೊಬ್ಬರಿಗೆ ಕಳಿಸುವುದು ಬಿಟ್ಟು, ಬೆಂಗಳೂರಿನಲ್ಲಿ ನೂರಿನ್ನೂರು ರೊಟ್ಟಿ ಒಟ್ಟಿಗೆ ತರಿಸಿಕೊಂಡು ಅಕ್ಕಪಕ್ಕ ಹಂಚುವ ಎರಡು ಮನೆ ಹುಡುಕಿದೆವು. ಇಬ್ಬರೂ ಈ ಕಡೆಯಿಂದಲೇ ಹೋದವರು.

ಮುರಿಯುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಅದನ್ನು ಹೇಳಿದವರೂ ದೊಡ್ಡವ್ವನೇ. ಕೇಂದ್ರದಲ್ಲಿ ಹದಿನೈದು ದಿನಕ್ಕೊಮ್ಮೆ ಒಟ್ಟಿಗೆ ಹಿಟ್ಟು ಬೀಸಿಸಿ ತರುತ್ತಿದ್ದರು. ಹಿಟ್ಟು ಹಳೆಯದಾದರೆ ಜಿಗಿ, ಅಂದರೆ ಅಂಟು, ಹೋಗುತ್ತದೆ. ಜಿಗಿ ಇಲ್ಲದ ಹಿಟ್ಟಿನ ರೊಟ್ಟಿ ಬಡಿಯುವಾಗಲೇ ಅಂಚು ಸೀಳುತ್ತದೆ. "ಮನ್ಯಾಗ ನಾವು ಹಂಗ ಮಾಡಂಗಿಲ್ಲ. ಇಲ್ಲಿ ಯಾರ್ ಕೇಳ್ತಾರ ಅಂತ ಸುಮ್ನಿದ್ದೆ" ಅಂದರು. ಎರಡು ದಿನಕ್ಕೊಮ್ಮೆ ಬೀಸಿಸಲು ಶುರು ಮಾಡಿದ ಮೇಲೆ ಹತ್ತಕ್ಕೊಂದು ಮುರಿಯುತ್ತಿದ್ದದ್ದು, ನೂರಕ್ಕೆ ನಾಲ್ಕಕ್ಕೆ ಇಳಿಯಿತು. ಇಡೀ ಪ್ರಾಜೆಕ್ಟಿನಲ್ಲಿ ದುಡ್ಡು ಉಳಿಸಿದ ಕೆಲಸ ಯಾವುದಾದರೂ ಇದ್ದರೆ ಇದು. ಇದರಲ್ಲಿ ನಮ್ಮ ಪಾಲು ಗಿರಣಿಗೆ ಚೀಲ ಹೊತ್ತದ್ದು.

ಫೋಟೊದ ವಿಷಯ ಹೇಳಬೇಕು. ಇನ್‌ಸ್ಟಾಗ್ರಾಮಿನಲ್ಲಿ ರೊಟ್ಟಿಯ ಚಿತ್ರ ಹಾಕಿದರೆ ಯಾರೂ ನೋಡುತ್ತಿರಲಿಲ್ಲ. ಒಲೆಯ ಬೆಳಕಿನಲ್ಲಿ ಒಬ್ಬ ಅಕ್ಕನ ಮುಖ, ಹಣೆಯ ಬೆವರು, ಕಪ್ಪು ಬಿಳುಪಿನಲ್ಲಿ ಹಾಕಿದೆ. ಒಂದೇ ದಿನಕ್ಕೆ ಸಾವಿರ ಲೈಕು. ನಾನೇ ತೆಗೆದದ್ದು, ಹೆಮ್ಮೆಯಿಂದ ಅವರಿಗೆ ತೋರಿಸಿದೆ. ಅವರ ಮುಖ ಕಪ್ಪಿಟ್ಟಿತು.

"ತಗದ್ ಬಿಡ್ರಿ ಮೇಡಮ್ಮಾರ. ಮಗಳನ್ನ ನೋಡಾಕ ಬರೋರದಾರ. ಅವ್ವ ಕೂಲಿ ರೊಟ್ಟಿ ಬಡೀತಾಳ ಅಂತ ಬೀಗರಿಗೆ ಗೊತ್ತಾಗೂದು ಬ್ಯಾಡ."

ಕೇಳದೆ ತೆಗೆದಿರಲಿಲ್ಲ ನಾನು. "ಫೋಟೊ ತೆಗೀಲಾ?" ಅಂತ ಕೇಳಿದ್ದೆ, ಅವರು ತಲೆಯಾಡಿಸಿದ್ದರು. ಆದರೆ ಅವರು ಒಪ್ಪಿದ್ದು ಫೋಟೊಕ್ಕೆ. ಸಾವಿರ ಜನ ನೋಡುವುದಕ್ಕಲ್ಲ. ತಕ್ಷಣ ಅಳಿಸಿದೆ. ಅಷ್ಟರಲ್ಲಿ ಯಾರು ಯಾರು ಉಳಿಸಿಕೊಂಡಿದ್ದರೋ. ಆ ಮದುವೆ ಆಯಿತು, ಆ ಫೋಟೊದಿಂದ ಏನೂ ಕೆಡಲಿಲ್ಲ ಅಂತ ಆಮೇಲೆ ಕೇಳಿ ಸಮಾಧಾನಪಟ್ಟೆ. ಇದಾದ ಮೇಲೆ ಕೈಗಳನ್ನು ಮಾತ್ರ ತೆಗೆದೆವು. ಲೈಕು ನೂರಕ್ಕೆ ಇಳಿಯಿತು.

ಮಾರ್ಚ್ ಬಂತು. ಟ್ರಸ್ಟಿನ ಕಾರ್ಯದರ್ಶಿಯವರು ಕರೆದು, ಮಾರ್ಕೆಟಿಂಗ್ ಅಂತ ಕಂಪನಿಯ ಅನುದಾನದಲ್ಲಿ 40,000 ರೂಪಾಯಿ ಉಳಿದಿದೆ, ತಿಂಗಳೊಳಗೆ ಖರ್ಚು ಮಾಡಬೇಕು ಅಂದರು. ನಮಗೆ ಅಷ್ಟು ಹೊತ್ತಿಗೆ ಸ್ವಲ್ಪ ಬುದ್ಧಿ ಬಂದಿತ್ತು. ಹೊಸ ಜೋಳ ಬರುತ್ತಿತ್ತು, ರೇಟು ಹತ್ತು ರೂಪಾಯಿ ಇಳಿದಿತ್ತು. ಆ ದುಡ್ಡಿಗೆ ಈಗಲೇ ಜೋಳ ಕೊಂಡಿಟ್ಟರೆ ರೊಟ್ಟಿಗೆ ಹೆಚ್ಚುಕಡಿಮೆ 45 ಪೈಸೆ ಉಳಿಯುತ್ತದೆ ಅಂತ ಬರೆದುಕೊಟ್ಟೆವು. ಕಾರ್ಯದರ್ಶಿಯವರು ಓದಿದರು, ಒಪ್ಪಿದರು, ಕಂಪನಿಗೂ ಕಳಿಸಿದರು. ಉತ್ತರ ಬಂತು. ಮಾರ್ಕೆಟಿಂಗ್ ದುಡ್ಡು ಮಾರ್ಕೆಟಿಂಗಿಗೇ. ಜೋಳ ಮಾರ್ಕೆಟಿಂಗ್ ಅಲ್ಲ. ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಕೊಡಬೇಕು ಅನ್ನುವ ಕಾನೂನಿನ ದುಡ್ಡು ಅದು. ಅದಕ್ಕೆ ತಲೆಬರಹ ಇರುತ್ತದೆ, ಆಡಿಟ್ ಇರುತ್ತದೆ. ಕಾರ್ಯದರ್ಶಿಯವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕೈಲಾದಷ್ಟು ಕೇಳಿದರು. ಕೊನೆಗೆ ಆ ದುಡ್ಡಿನಲ್ಲಿ ನುಣುಪು ಕಾಗದದ ಐನೂರು ಇಂಗ್ಲಿಷ್ ಕಿರುಹೊತ್ತಿಗೆ, ಎರಡು ದೊಡ್ಡ ಬ್ಯಾನರ್ ಅಚ್ಚಾದವು. ಬರೆದದ್ದು ನಾವೇ. ಅವು ಕೇಂದ್ರದ ಬೀರುವಿನಲ್ಲಿ ಭದ್ರವಾಗಿವೆ.

ಆ ತಿಂಗಳ ಕೊನೆಯಲ್ಲಿ ಹೋಳಿ. ನವಲಗುಂದದಲ್ಲಿ ಹೋಳಿಗೆ ಕೂರಿಸುವ ರಾಮಲಿಂಗ ಕಾಮಣ್ಣನ ಮೂರ್ತಿ ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಕೇಂದ್ರಕ್ಕೆ ಬೀಗ. ನಾವೂ ಸಾಲಿನಲ್ಲಿ ನಿಂತು ಕಾಮಣ್ಣನನ್ನು ನೋಡಿ ಬಂದೆವು. ಬೇಡಿಕೊಂಡರೆ ಆಗುತ್ತದೆ ಅನ್ನುತ್ತಾರೆ. ನಾನು ಬೇಡಿಕೊಂಡದ್ದು ಖಾನಾವಳಿಯವರು ಒಪ್ಪಲಿ ಅಂತ.

ಯಾಕೆಂದರೆ ಮರುದಿನ ನಾವು ರೇಟು ಏರಿಸಲು ಹೋಗಬೇಕಿತ್ತು. 6 ರಿಂದ 7ಕ್ಕೆ. ಅಕ್ಕೋರು, ದೊಡ್ಡವ್ವ, ನಾನು, ಕೇರಳದ ಹುಡುಗ. ಐದು ಖಾನಾವಳಿ. ಇಬ್ಬರು ಮಾತೇ ಆಡಲಿಲ್ಲ, "ನಾಳಿಂದ ಬ್ಯಾಡ" ಅಂದರು. ಒಬ್ಬರು ನೋಡೋಣ ಅಂದು ಆಮೇಲೆ ಒಪ್ಪಿದರು, ಇನ್ನೊಬ್ಬರು ಚಹಾ ಕುಡಿಸಿ ಒಪ್ಪಿದರು. ಐದನೆಯವರು ದೊಡ್ಡವ್ವನ ಜೊತೆ ವಾದಕ್ಕೆ ಇಳಿದರು.

"ರೊಟ್ಟಿ ಒಂದೊಂದು ಒಂದೊಂದ್ ನಮೂನಿ ಇರ್ತಾವು. ಮುರದ್ದೂ ಬರ್ತಾವು. ಏಳ್ ಯಾಕ ಕೊಡ್ಲಿ?"

"ಮುರದ್ದು ಎಣಸಿ ವಾಪಸ್ ಕೊಡ್ರಿ. ನಮೂನಿ ನಾ ನೋಡ್ಕೋತೀನಿ. ಏಳ್ ಕೊಡ್ರಿ."

"ಆತು" ಅಂದರು. ಹತ್ತು ವಾರದಲ್ಲಿ ನಾವು ಬರೆದ ನೂರಾರು ಸಾಲಿಗಿಂತ ಈ ಮೂರು ವಾಕ್ಯಕ್ಕೆ ತೂಕ ಜಾಸ್ತಿ ಇತ್ತು. ವಾಪಸ್ ಬರುವಾಗ ದೊಡ್ಡವ್ವ ಬಸ್ಸಿನಲ್ಲಿ ಸೊನ್ನೆ ಟಿಕೆಟ್ ಹಿಡಿದುಕೊಂಡು, "ಇದರಂಗ ಜೋಳಾನೂ ಪುಕ್ಕಟೆ ಸಿಕ್ರ ಆರಕ್ಕ ಕೊಡಬಹುದಿತ್ತು" ಅಂದು ನಕ್ಕರು.

ತಿಂಗಳ ಎಂಟು ಸಾವಿರ ರೊಟ್ಟಿ ಐದು ಸಾವಿರಕ್ಕೆ ಇಳಿಯಿತು. ರೊಟ್ಟಿಗೆ 7 ರೂಪಾಯಿ, ಮುರಿಯುವುದು ಕಡಿಮೆ. ಏಪ್ರಿಲಿನಿಂದ ಬಡಿಯುವವರಿಗೆ 2 ರೂಪಾಯಿ ಇದ್ದದ್ದು 2.50 ಆಯಿತು. ಅದೇ ಏಪ್ರಿಲಿನಲ್ಲಿ ನರೇಗಾ ಕೂಲಿ 349ಕ್ಕೆ ಏರಿತು, ಅಂದರೆ ಆ ಕೂಲಿಯ ಹತ್ತಿರಕ್ಕೂ ನಾವಿನ್ನೂ ಬಂದಿರಲಿಲ್ಲ.

ಪ್ರಾಜೆಕ್ಟ್ ಒಪ್ಪಿಸುವ ದಿನ ಹೊರಗಿನಿಂದ ಬಂದ ಪರೀಕ್ಷಕರು ಮೊದಲು ಕೇಳಿದ್ದು ಎಷ್ಟು ಫಾಲೋವರ್ಸ್ ಅಂತ. 1,140 ಅಂದೆವು. ಮಾರಾಟ ಎಷ್ಟು ಶೇಕಡಾ ಹೆಚ್ಚಾಯಿತು ಅಂತ ಕೇಳಿದರು. ಕಡಿಮೆ ಆಗಿದೆ ಸರ್ ಅಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಲೆಕ್ಕದ ಹಾಳೆ ಮುಂದಿಟ್ಟು ವಿವರಿಸಿದೆವು. ತಲೆಯೇನೋ ಆಡಿಸಿದರು. ಅಂಕ ಮಾತ್ರ ಸುಮಾರು ಬಂತು. ಮೊದಲ ಸ್ಥಾನ ಬಂದ ಗುಂಪಿನ ಗ್ರಾಫು ಮೇಲಕ್ಕೆ ಹೋಗುತ್ತಿತ್ತು. ಹೊಟ್ಟೆಕಿಚ್ಚು ಆಗಲಿಲ್ಲ ಅಂದರೆ ಸುಳ್ಳು.

ಕೇಂದ್ರಕ್ಕೆ ಬಿಟ್ಟುಬಂದದ್ದು ಅಂದರೆ ಒಂದು ಚಾರ್ಟ್. ದಪ್ಪ ಹಾಳೆಯಲ್ಲಿ ಕೈಯಿಂದ ಗೆರೆ ಎಳೆದು, ಕನ್ನಡದಲ್ಲಿ ಬರೆದದ್ದು. ಜೋಳ, ಗಿರಣಿ, ಉರುವಲು, ಕೂಲಿ, ಕವರು, ಮುರಿದದ್ದು. ತಿಂಗಳಿಗೊಮ್ಮೆ ತುಂಬಿದರೆ ಕೊನೆಯ ಕಾಲಂನಲ್ಲಿ ಒಂದು ರೊಟ್ಟಿಗೆ ಎಷ್ಟು ಬಿತ್ತು ಅಂತ ಬರುತ್ತದೆ. ಇನ್‌ಸ್ಟಾಗ್ರಾಮ್ ಪಾಸ್‌ವರ್ಡ್ ಕೂಡ ಒಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದೆವು. ಆ ಖಾತೆಯಲ್ಲಿ ಕೊನೆಯದಾಗಿ ಇರುವುದು ನಮ್ಮದೇ ಗ್ರೂಪ್ ಫೋಟೊ.

ಕಳೆದ ದೀಪಾವಳಿಗೆ ಅಕ್ಕೋರು ವಾಟ್ಸಾಪಿನಲ್ಲಿ ಶುಭಾಶಯ ಕಳಿಸಿದರು. ಹಿಂದೆಯೇ ಆ ಚಾರ್ಟಿನ ಫೋಟೊ. ಎಣ್ಣೆ ಕಲೆ, ಹಿಟ್ಟಿನ ಬೆರಳ ಗುರುತು, ಎಲ್ಲಾ ತಿಂಗಳೂ ತುಂಬಿತ್ತು. ದೊಡ್ಡದು ಮಾಡಿ ನೋಡಿದೆ. ನಾವು ಹಾಕಿದ ಕಾಲಂಗಳೆಲ್ಲ ಆದ ಮೇಲೆ, ಅಂಚಿನಲ್ಲಿ ಉಳಿದಿದ್ದ ಸಣ್ಣ ಜಾಗದಲ್ಲಿ, ಬಾಲ್ ಪೆನ್ನಿನಿಂದ ಸೊಟ್ಟಗೆ ಗೆರೆ ಎಳೆದು ಇನ್ನೊಂದು ಕಾಲಂ ಮಾಡಿದ್ದರು. ತಲೆಬರಹ: 'ಟೆಂಪೊ ಡೀಸೆಲ್'.